ಹಗಲು ರಾವುತ

ಮಂಡಿಚಿಪ್ಪು ಸವೆದಿದೆ, ಇನ್ನು ಮೇಲೆ ಮೆಟ್ಟಿಲು ಹತ್ತುವುದು, ನೆಲದ ಮೇಲೆ ಚಕ್ಕಂಬಕ್ಕಳ ಹಾಕುವುದು ಎರಡನ್ನೂ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದ ವಾರವೇ ನಾನು ನಾಲ್ಕು ಕುದುರೆ ಕೊಂಡೆ. ತಲಾ 23 ಚಿನ್ನದ ನಾಣ್ಯ. ಕೈಯಲ್ಲಿದ್ದದ್ದು 100. ಕೊಂಡ ಮೇಲೆ 8 ಉಳಿಯಿತು. ಆ ಎಂಟಕ್ಕೆ ನನ್ನ ಪಾಳಯದಲ್ಲಿ ಒಬ್ಬ ಕಾಲಾಳೂ ಬರುವುದಿಲ್ಲ ಎಂದು ಗೊತ್ತಿದ್ದೇ ಕೊಂಡೆ. ತಿಂಗಳ ಕೊನೆಯಲ್ಲಿ ಹಾಲಿನವನ ಲೆಕ್ಕವನ್ನು ಎರಡು ಸಲ ಕೂಡಿ ನೋಡುವ ಪಿಂಚಣಿದಾರನಿಗೆ ಇಷ್ಟು ಧಾರಾಳವಾಗಿ ಖರ್ಚು ಮಾಡುವ ಭಾಗ್ಯ ಬೇರೆ ಎಲ್ಲಿ ಸಿಗಬೇಕು?

ಕುದುರೆಗಳಿರುವುದು ಕಂಪ್ಯೂಟರಿನಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ತನಗೆ ಹೊಸದು ಬಂದ ಮೇಲೆ ಹಳೆಯ ಲ್ಯಾಪ್‌ಟಾಪನ್ನು ತಂದು ನನ್ನ ಮೇಜಿನ ಮೇಲಿಟ್ಟು, ‘ಅಪ್ಪ, ಕಾಲು ನೋವು ಅಂತ ಮನೇಲೇ ಇರ್ತೀಯ, ಇದನ್ನ ಆಡು. ದುಡ್ಡು ಕೊಡಬೇಕಾಗಿಲ್ಲ, ಗಡಿಬಿಡಿನೂ ಇಲ್ಲ’ ಎಂದು ಒಂದು ಆಟ ಹಾಕಿಕೊಟ್ಟು ಹೋದ. ಆಟದ ಹೆಸರು ‘ಬ್ಯಾಟಲ್ ಫಾರ್ ವೆಸ್ನಾತ್’. ಡೇವಿಡ್ ವೈಟ್ ಎಂಬಾತ 2003ರಲ್ಲಿ ಹೊರತಂದದ್ದು. ಅಲ್ಲಿಂದಾಚೆ ದೇಶದೇಶದ ಉತ್ಸಾಹಿಗಳು ಬಿಡುವಿನ ವೇಳೆಯಲ್ಲಿ ಚಿತ್ರ ಬರೆದು, ಸಂಗೀತ ಕೂಡಿಸಿ, ತಪ್ಪು ತಿದ್ದಿ ಬೆಳೆಸಿದ್ದಾರೆ. ಯಾರು ಬೇಕಾದರೂ ಪುಕ್ಕಟೆ ಆಡಬಹುದು. ಮನುಷ್ಯರು, ಕಾಡಿನಲ್ಲಿ ವಾಸಿಸುವ ಎಲ್ಫ್‌ಗಳು, ಗುಡ್ಡದ ಕುಳ್ಳರು, ಓರ್ಕ್ ಎಂಬ ಒರಟರು, ಸತ್ತ ಮೇಲೂ ಸುಮ್ಮನಿರದ ಎಲುಬುಗೂಡುಗಳು, ಹೀಗೆ ಬೇರೆ ಬೇರೆ ಪಾಳಯ. ನೆಲವೆಲ್ಲ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಚದುರಂಗದಂತೆಯೇ ನನ್ನ ಸರದಿ ಮುಗಿದ ಮೇಲೆ ಅವರದು, ಅವರದು ಮುಗಿದ ಮೇಲೆ ನನ್ನದು.

ಈ ಸರದಿಯ ಏರ್ಪಾಡು ನನ್ನ ವಯಸ್ಸಿನವರಿಗೆ ಹೇಳಿ ಮಾಡಿಸಿದ್ದು. ನಾನು ನನ್ನವರನ್ನೆಲ್ಲ ನಡೆಸಿ ಮುಗಿಸುವವರೆಗೆ ಶತ್ರು ಮಿಸುಕುವಂತಿಲ್ಲ. ಕಾಫಿ ಕುಡಿದು ಬರಬಹುದು, ಮಂಡಿಗೆ ಎಣ್ಣೆ ತಿಕ್ಕಿಕೊಂಡು ಬರಬಹುದು, ಒಂದು ಜೊಂಪು ನಿದ್ದೆ ತೆಗೆಯಬಹುದು. ಎದ್ದು ಬಂದು ನೋಡಿದರೆ ಆತ ಕೊಡಲಿ ಎತ್ತಿಕೊಂಡು ನಿಂತಲ್ಲೇ ನಿಂತಿರುತ್ತಾನೆ. ಇಂಥ ಮರ್ಯಾದಸ್ಥ ಶತ್ರುಗಳು ನಾನು ಕೆಲಸ ಮಾಡಿದ ಸ್ಟಾಫ್ ರೂಮಿನಲ್ಲಿ ಇರಲಿಲ್ಲ.

ಮೊದಲ ದಿನ ಪಾಳಯ ಆರಿಸಿಕೊಳ್ಳಬೇಕಾಗಿ ಬಂದಾಗ ನನ್ನ ಬೆರಳು ತಾನಾಗಿ ಹೋದದ್ದು ‘ಲಾಯಲಿಸ್ಟ್’ ಎಂಬ ಮನುಷ್ಯರ ಪಾಳಯಕ್ಕೆ. ಕಾರಣ ಸ್ವಾಮಿನಿಷ್ಠೆಯಲ್ಲ, ಕುದುರೆ. ಎರಡು ಬಗೆಯ ಕುದುರೆಯಾಳುಗಳು ಆ ಪಟ್ಟಿಯಲ್ಲಿದ್ದಾರೆ. ಒಬ್ಬ ಕತ್ತಿಯ ‘ಕ್ಯಾವಲ್ರಿಮನ್’, 17 ನಾಣ್ಯ. ಇನ್ನೊಬ್ಬ ಭರ್ಜಿಯ ‘ಹಾರ್ಸ್‌ಮನ್’, 23. ಮೊದಲನೆಯವನು ಶಿಸ್ತಿನ ಗುಮಾಸ್ತನಂತೆ: ಹೇಳಿದಷ್ಟು ಮಾಡುತ್ತಾನೆ, ಸಂಜೆಗೆ ಜೀವಸಹಿತ ಮನೆಗೆ ಬರುತ್ತಾನೆ. ನನಗೆ ಅವನು ಹಿಡಿಸಲಿಲ್ಲ. ಎರಡನೆಯವನಿಗೆ ನಾನು ರಾವುತ ಎಂದು ಹೆಸರಿಟ್ಟೆ. ಆಟದಲ್ಲಿ ಪ್ರತಿಯೊಬ್ಬನಿಗೂ ತಾನೇ ಒಂದು ಹೆಸರು ಕೊಟ್ಟಿರುತ್ತದೆ. ಆ ಬಾಯಿ ತಿರುಗದ ಹೆಸರುಗಳನ್ನು ತೆಗೆದು ಹಾಕಿ ನನ್ನ ಮೊದಲ ರಾವುತನಿಗೆ ಚೇತಕ್ ಎಂದು ಬರೆದೆ. ಅದು ಕುದುರೆಯ ಹೆಸರು, ಸವಾರನದಲ್ಲ, ಹಲ್ದಿಘಾಟಿಯಲ್ಲಿ 1576ರಲ್ಲಿ ರಾಣಾ ಪ್ರತಾಪನನ್ನು ಹೊತ್ತ ಕುದುರೆ ಎಂಬುದೆಲ್ಲ ಗೊತ್ತು. ಆದರೆ ನಾನು 28 ವರ್ಷ ಪಿಯು ಕಾಲೇಜಿಗೆ ಗಣಿತ ಕಲಿಸಲು ಹೋಗಿ ಬಂದದ್ದು ಆ ಹೆಸರಿನ ಸ್ಕೂಟರಿನ ಮೇಲೆ. ಪೆಟ್ರೋಲ್ ಹಾಕಿಸಲು ಮರೆಯುವುದು ನನ್ನ ಚಾಳಿ. ಮರೆತಾಗಲೆಲ್ಲ ಅದನ್ನು ಮಗ್ಗುಲಿಗೆ ವಾಲಿಸಿ, ಟ್ಯಾಂಕಿನ ಮೂಲೆಯಲ್ಲಿದ್ದ ಕೊನೆಯ ಹನಿಯನ್ನು ಪುಸಲಾಯಿಸಿ ಮನೆ ಮುಟ್ಟಿದ್ದೇನೆ. ಹೆಸರಿನ ಋಣ ಹಾಗೆಲ್ಲ ತೀರುವುದಿಲ್ಲ.

ನಿಜವಾದ ಕುದುರೆಯ ಮೇಲೆ ನಾನು ಕುಳಿತದ್ದು ಒಂದೇ ಸಲ, ಊಟಿಯ ಕೆರೆ ದಂಡೆಯಲ್ಲಿ. ಮಗನಿಗಾಗ ಆರು ವರ್ಷ. ಅವನನ್ನು ಕೂರಿಸಿದರೆ ಅಳುತ್ತಾನೆಂದು ‘ನೀವೂ ಕೂತ್ಕೊಳಿ ಸಾರ್’ ಎಂದ ಕುದುರೆಯವನು. ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಬೇರೆ ಕುದುರೆ ತಂದ. ಅದು ಇಪ್ಪತ್ತು ಹೆಜ್ಜೆ ನಡೆದು ಒಂದು ಪೊದೆಯ ಬಳಿ ನಿಂತಿತು. ತಿನ್ನತೊಡಗಿತು. ಅದು ತಿಂದು ಮುಗಿಸುವವರೆಗೆ ನಾನು ಮೇಲೆ, ಕುದುರೆಯವನು ಕೆಳಗೆ, ಇಬ್ಬರೂ ಕೆರೆ ನೋಡುತ್ತ ನಿಂತೆವು. ಆ ಫೋಟೋ ಇನ್ನೂ ಗೋಡೆಯ ಮೇಲಿದೆ. ನೋಡಿದವರು ‘ಸವಾರಿ ಗೊತ್ತಾ ಸಾರ್ ನಿಮಗೆ?’ ಎನ್ನುತ್ತಾರೆ. ನಾನು ನಗುತ್ತೇನೆ, ಇಲ್ಲ ಎನ್ನುವುದಿಲ್ಲ.

ಇಂಥವನಿಗೆ ವೆಸ್ನಾತಿನ ರಾವುತ ಸಿಕ್ಕರೆ ಏನಾಗಬೇಡ! ಕಾಲಾಳು ಒಂದು ಸರದಿಯಲ್ಲಿ ಐದು ಮನೆ ನಡೆದರೆ ಇವನು ಬಯಲಿನಲ್ಲಿ ಎಂಟು ಮನೆ ಹಾರುತ್ತಾನೆ. ಇವನ ಕೈಯಲ್ಲಿ ‘ಚಾರ್ಜ್’ ಎಂಬ ವಿದ್ಯೆಯಿದೆ. ಇವನು ತಾನಾಗಿ ನುಗ್ಗಿದಾಗ ಭರ್ಜಿಯ ಏಟು ಇಮ್ಮಡಿ. ಮೊದಲ ದಿನ ನಾನು ಓದಿಕೊಂಡದ್ದು ಅಷ್ಟೇ. ಅದೇ ವಾಕ್ಯದ ಉತ್ತರಾರ್ಧದಲ್ಲಿ, ಆ ಕಾಳಗದಲ್ಲಿ ಎದುರಾಳಿ ತಿರುಗಿಸಿ ಕೊಡುವ ಏಟೂ ಇಮ್ಮಡಿ ಎಂದು ಬರೆದಿತ್ತು. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಆಮೇಲೆ ಉತ್ತರ ಬರೆಯಿರಿ ಎಂದು 28 ವರ್ಷ ಮಕ್ಕಳಿಗೆ ಗದರಿದವನು ನಾನು.

ಈ ಇಮ್ಮಡಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಸಂಸಾರದ ಈಚಿನ ಕಲಹಗಳೆಲ್ಲ ಅದರ ಸುತ್ತಲೇ ನಡೆಯುತ್ತಿವೆ. ರಾವುತನಿಗೆ 38 ಪ್ರಾಣ. ಭರ್ಜಿಯಿಂದ ಒಂದು ಕಾಳಗದಲ್ಲಿ ಎರಡು ಏಟು, ಏಟಿಗೆ ಎದುರಾಳಿಯ 9 ಪ್ರಾಣ ಕಳೆಯುತ್ತದೆ. ಹಗಲಾದರೆ ಕಾಲುಭಾಗ ಹೆಚ್ಚು, ರಾತ್ರಿಯಾದರೆ ಕಾಲುಭಾಗ ಕಡಿಮೆ. ಆಟದಲ್ಲಿ ದಿನಕ್ಕೆ ಆರು ಸರದಿ: ಮುಂಜಾವು, ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ, ಆಮೇಲೆ ರಾತ್ರಿಯ ಎರಡು ಜಾವ. ಮನುಷ್ಯರಿಗೆ ಬೆಳಗ್ಗೆ ಮಧ್ಯಾಹ್ನಗಳಲ್ಲಿ ಬಲ ಬರುತ್ತದೆ. ಓರ್ಕ್‌ಗಳಿಗೂ ಎಲುಬುಗೂಡುಗಳಿಗೂ ರಾತ್ರಿ. ಮುಂಜಾವು ಮುಸ್ಸಂಜೆಗಳಲ್ಲಿ ಇವರಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ರಾವುತ ಅಪ್ಪಟ ಹಗಲಿನ ಪ್ರಾಣಿ. ಸೂರ್ಯ ಮುಳುಗಿದ ಮೇಲೆ ಅವನೂ ನನ್ನಂತೆಯೇ, ಕನ್ನಡಕ ಹುಡುಕಲು ಕನ್ನಡಕ ಬೇಕು.

ಹಗಲು ಹೊತ್ತಿನಲ್ಲಿ ಎದುರು ಪಾಳಯದ ಮಾಟಗಾರನೊಬ್ಬ ಬಯಲಿಗೆ ಬಂದು ನಿಂತನೆನ್ನಿ. ‘ಡಾರ್ಕ್ ಅಡೆಪ್ಟ್’ ಎಂದು ಅವನ ಹೆಸರು. ಕಪ್ಪು ನಿಲುವಂಗಿಯ ಎಳೆ ಹುಡುಗ, 28 ಪ್ರಾಣ, ಕೈಯಲ್ಲಿ ಒಂದು ಬರಲುಕಡ್ಡಿಯೂ ಇಲ್ಲ. ದೂರದಿಂದ ಮಂತ್ರ ಎಸೆಯಬಲ್ಲ, ಹತ್ತಿರ ಬಂದು ಹೊಡೆದವನಿಗೆ ತಿರುಗಿಸಿ ಏನೂ ಕೊಡಲಾರ. ನನ್ನ ರಾವುತನೋ ಹತ್ತಿರದಿಂದ ತಿವಿಯಬಲ್ಲ, ದೂರದಿಂದ ಮಂತ್ರ ಬಿದ್ದರೆ ಏನೂ ಮಾಡಲಾರ. ಹೀಗಾಗಿ ನನ್ನ ಸರದಿಯಲ್ಲಿ ಅವನು ಸುಮ್ಮನೆ ನಿಂತು ತಿವಿಸಿಕೊಳ್ಳುತ್ತಾನೆ, ಅವನ ಸರದಿಯಲ್ಲಿ ಇವನು ಸುಮ್ಮನೆ ನಿಂತು ಮಂತ್ರ ಹಾಕಿಸಿಕೊಳ್ಳುತ್ತಾನೆ. ಮದುವೆ ಮನೆಯಲ್ಲಿ ಬೀಗರಿಬ್ಬರು ಮಾತಾಡುವುದನ್ನು ನೋಡಿದವರಿಗೆ ಈ ಕಾಳಗ ಹೊಸದಲ್ಲ.

ಇಮ್ಮಡಿ ಏಟು, ಹಗಲಿನ ಕಾಲುಭಾಗ ಎಲ್ಲ ಸೇರಿ ಒಂದು ತಿವಿತಕ್ಕೆ 22. ಎರಡು ತಗುಲಿದರೆ ಹುಡುಗ ಹೋದ. ಬಯಲಿನಲ್ಲಿ ಒಂದು ಏಟು ತಗುಲುವ ಸಂಭವ ನೂರಕ್ಕೆ 60. ಎರಡೂ ತಗುಲುವ ಸಂಭವ 36, ಒಂದು ಮಾತ್ರ ತಗುಲುವುದು 48, ಎರಡೂ ಗಾಳಿಗೆ ಹೋಗುವುದು 16. ದ್ವಿತೀಯ ಪಿಯುಸಿಯ ಸಂಭವನೀಯತೆಯ ಅಧ್ಯಾಯದ ಸುಲಭದ ಲೆಕ್ಕ ಇದು. ನಾನು ಇದನ್ನು ನಿದ್ದೆಗಣ್ಣಿನಲ್ಲೂ ಮಾಡಬಲ್ಲೆ. ಆದರೆ ಮಾಟಗಾರನ ಪಕ್ಕದ ಮನೆಯ ಮೇಲೆ ಬೆರಳಿಟ್ಟಾಗ ಆ 36 ನನ್ನೊಳಗೆ ಹೇಗೋ 100 ಆಗಿಬಿಡುತ್ತದೆ. ಮೊದಲ ಏಟು ತಪ್ಪಿದರೆ ‘ಇರಲಿ’ ಎನ್ನುತ್ತೇನೆ. ಎರಡನೆಯದೂ ತಪ್ಪಿದರೆ ಲ್ಯಾಪ್‌ಟಾಪಿಗೆ ಬೈಯುತ್ತೇನೆ.

ಬೈಗುಳ ಹೆಚ್ಚಾದ ಒಂದು ದಿನ ಮಗನಿಗೆ ಫೋನ್ ಮಾಡಿ, ‘ಈ ಆಟದಲ್ಲಿ ಮೋಸ ಇದೆ ಕಣೋ, ನನ್ನ ಏಟು ಮಾತ್ರ ತಪ್ತದೆ’ ಎಂದೆ. ಅವನು ನಗದೆ, ‘ಅಪ್ಪ, ಮೆನುವಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಅಂತ ಒಂದಿದೆ ನೋಡು’ ಎಂದ. ನೋಡಿದೆ. ಒಟ್ಟು ಎಷ್ಟು ಏಟು ಬೀಳಬೇಕಿತ್ತು, ಎಷ್ಟು ಬಿದ್ದಿದೆ ಎಂದು ಆಟವೇ ಲೆಕ್ಕ ಇಟ್ಟಿರುತ್ತದೆ. ನನ್ನ ಅದೃಷ್ಟ ಸರಾಸರಿಗಿಂತ ಸ್ವಲ್ಪ ಮೇಲೇ ಇತ್ತು. ಗಣಿತದ ಮೇಷ್ಟ್ರ ಎದುರು ಇಂಥ ಪಟ್ಟಿ ತೆಗೆದಿಡುವುದು ಸಭ್ಯತೆಯಲ್ಲ. ಆಮೇಲೆ ನಾನು ಆ ಮೆನುವಿನ ಕಡೆ ಹೋಗಿಲ್ಲ.

ಕುದುರೆಯಾಳುಗಳನ್ನೇ ನೆಚ್ಚಿ ಆಡುವವನ ಮೊದಲ ತಪ್ಪು ನೆಲ ನೋಡದೆ ಹೋಗುವುದು. ಬಯಲಿನಲ್ಲಿ ಎಂಟು ಮನೆ ಓಡುವ ಕುದುರೆಗೆ ಕಾಡಿನ ಒಂದು ಮನೆಗೆ ಮೂರು ನಡೆ ಬೇಕು. ಗುಡ್ಡಕ್ಕೆ ಎರಡು. ಜೌಗಿಗೂ ಹೊಳೆಯ ತೆಳುನೀರಿಗೂ ನಾಲ್ಕು. ಕಾಡಿಗೆ ನುಗ್ಗಿದರೆ ಶತ್ರುವಿನ ಹತ್ತರಲ್ಲಿ ಏಳು ಏಟು ಇವನ ಮೈಮೇಲೆ. ಅದೇ ಕಾಡಿನಲ್ಲಿ ಎಲ್ಫ್ ನಿಂತಿದ್ದರೆ ಅವನಿಗೆ ಬಿಟ್ಟ ಹತ್ತರಲ್ಲಿ ಆರೇಳು ಏಟು ಗಾಳಿಗೆ. ಒಂದು ಸಲ ಎಲ್ಫ್ ಬಿಲ್ಲುಗಾರ್ತಿಯೊಬ್ಬಳನ್ನು ಅಟ್ಟಿಸಿಕೊಂಡು ನನ್ನ ಮೂವರು ರಾವುತರು ಕಾಡು ಹೊಕ್ಕರು. ಹೊಕ್ಕದ್ದು ಬೆಳಗ್ಗೆ. ಅವಳು ಮರದಿಂದ ಮರಕ್ಕೆ ಸರಿಯುತ್ತ ಹೋದಳು, ಇವರು ಸರದಿಗೆರಡು ಮನೆ ತೆವಳುತ್ತ ಹೋದರು. ಮುಸ್ಸಂಜೆಗೆ ಒಬ್ಬ ಉಳಿದಿದ್ದ. ದಸರಾ ನೋಡಲು ಬಂದ ಕಾರುಗಳು ದೇವರಾಜ ಮಾರುಕಟ್ಟೆಯ ಹಿಂದಿನ ಓಣಿಗೆ ಸಿಕ್ಕಿಕೊಳ್ಳುವುದನ್ನು ನೋಡಿದ್ದರೆ ನಿಮಗೆ ಈ ದೃಶ್ಯ ತಾನಾಗಿ ಕಣ್ಣಿಗೆ ಕಟ್ಟುತ್ತದೆ.

ಇನ್ನು ಬೆಟ್ಟ. ವೆಸ್ನಾತಿನಲ್ಲಿ ಕುದುರೆಗೆ ಬೆಟ್ಟ ಹತ್ತಲು ಬರುವುದೇ ಇಲ್ಲ, ಡಾಕ್ಟರು ನನಗೆ ಹೇಳಿದ ಹಾಗೆ. ಇದನ್ನು ಕಂಡಾಗ ನನಗೆ ಸ್ವಲ್ಪ ಸಿಟ್ಟು ಬಂತು, ಏಕೆಂದರೆ ನಮ್ಮೂರು ಮೈಸೂರಿನ ಕುದುರೆಗಳು ಬೆಟ್ಟ ಹತ್ತಿವೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದಾಗ ಜೋಧಪುರದ ಲ್ಯಾನ್ಸರ್‌ಗಳು ಕೆಳಗಿನಿಂದ ಪಟ್ಟಣದತ್ತ ನುಗ್ಗಿದರು. ಮೇಲಿನ ಕಾರ್ಮೆಲ್ ಬೆಟ್ಟದಲ್ಲಿದ್ದ ತೋಪುಗಳ ಬಾಯಿ ಮುಚ್ಚಿಸಲು ಹತ್ತಿದವರು ಮೈಸೂರು ಲ್ಯಾನ್ಸರ್‌ಗಳ ಒಂದು ತುಕಡಿ. ಭರ್ಜಿ ಹಿಡಿದ ರಾವುತರು ಮೆಷಿನ್ ಗನ್ನಿನ ಕಾಲದಲ್ಲಿ ಬೆಟ್ಟ ಹತ್ತಿ ತೋಪು ಹಿಡಿದ ಕಥೆ ಅದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಅದರ ಮುಂದೆ ಹತ್ತಾರು ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಇಳಿದು ನೋಡಿದ್ದು ಆಟ ಶುರುವಾದ ಮೇಲೆ. ಮಂಡಿ ಹಿಡಿದುಕೊಂಡು ಎರಡು ನಿಮಿಷ ನಿಂತಿದ್ದೆ. ಪಕ್ಕದಲ್ಲಿದ್ದವರೊಬ್ಬರು ‘ಅಡ್ರೆಸ್ ಹುಡುಕ್ತಿದೀರಾ?’ ಎಂದು ಕೇಳಿದರು.

ಮಗ ಚಿಕ್ಕವನಿದ್ದಾಗ ಆಡುತ್ತಿದ್ದ ಇನ್ನೊಂದು ಆಟ ನನಗೆ ನೆನಪಿದೆ, ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್’ನ ಮೂರನೆಯ ಕಂತು, 1999ರದು. ಅದರಲ್ಲಿಯೂ ಕೋಟೆಯ ಪಾಳಯಕ್ಕೆ ಕುದುರೆ ಸರದಾರರಿದ್ದಾರೆ. ಅಲ್ಲಿನ ನ್ಯಾಯ ಬೇರೆ: ಕುದುರೆ ಎಷ್ಟು ಮನೆ ಓಡಿ ಬಂದು ಹೊಡೆಯಿತೋ ಅಷ್ಟು ಮನೆಗೆ, ಮನೆಗೆ ನೂರಕ್ಕೆ 5ರಂತೆ, ಏಟು ಹೆಚ್ಚು. ಉದ್ದನೆಯ ಭರ್ಜಿ ಹಿಡಿದು ನಿಂತ ಕಾಲಾಳುಗಳ ಮುಂದೆ ಮಾತ್ರ ಆ ಓಟದ ಲಾಭ ನಡೆಯದು. ಓಡಿದ್ದಕ್ಕೆ ಕೂಲಿ ಸಿಗುತ್ತದೆ, ದಂಡ ಇಲ್ಲ. ಮಗನ ಹೆಗಲ ಮೇಲಿಂದ ನೋಡುತ್ತ ನಾನು ‘ಅಷ್ಟು ಹತ್ತಿರದಿಂದ ಹೊಡೀಬೇಡ್ವೋ, ಹಿಂದಕ್ಕೆ ಹೋಗಿ ಓಡಿ ಬಾ’ ಎಂದು ಸಲಹೆ ಕೊಡುತ್ತಿದ್ದೆ. ಪಾಠ ಓದುವ ಹೊತ್ತಿನಲ್ಲಿ ಆಡುತ್ತಿದ್ದಾನೆಂದು ಬೈಯಲು ಒಳಗೆ ಹೋದವನು ನಾನು. ಆ ದಿನದಿಂದ ಅವನ ಅಮ್ಮ ನಮ್ಮಿಬ್ಬರನ್ನೂ ಒಟ್ಟಿಗೇ ಬೈಯತೊಡಗಿದಳು.

ವೆಸ್ನಾತ್ ಓಟಕ್ಕೆ ಕೂಲಿ ಕೊಡುವುದಿಲ್ಲ. ಅಲ್ಲಿ ಏಟು ಕೊಟ್ಟ ಮೇಲೆ ನಡೆ ಮುಗಿಯಿತು. ಎಂಟು ಮನೆ ಹಾರಿ ಹೋಗಿ ತಿವಿದ ರಾವುತ ಆ ಎಂಟನೆಯ ಮನೆಯಲ್ಲೇ, ಶತ್ರುಗಳ ನಡುವೆ, ಒಂಟಿಯಾಗಿ ನಿಂತಿರುತ್ತಾನೆ. ಅವನ ಹಿಂದೆ ಯಾರೂ ಬಂದಿರುವುದಿಲ್ಲ, ಏಕೆಂದರೆ ನಾನು ಕಾಲಾಳುಗಳನ್ನು ಕೊಂಡೇ ಇರುವುದಿಲ್ಲ. ಆಮೇಲೆ ಮುಸ್ಸಂಜೆ. ಎಲುಬುಗೂಡುಗಳು ಏಳುತ್ತವೆ. ಭರ್ಜಿ ಎಲುಬಿನ ಸಂದಿಯಲ್ಲಿ ತೂರಿ ಆಚೆ ಹೋಗುತ್ತದೆಯೇ ಹೊರತು ಅವುಗಳಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ರಾತ್ರಿಯ ಎರಡನೆಯ ಜಾವ ಮುಗಿಯುವ ಹೊತ್ತಿಗೆ ಚೇತಕ್ ಎಂಬ ಹೆಸರು ಪಟ್ಟಿಯಿಂದ ಅಳಿಸಿಹೋಗಿರುತ್ತದೆ. ಈವರೆಗೆ ಹತ್ತೊಂಬತ್ತು ಚೇತಕ್‌ಗಳು ಹೀಗೆ ಹೋಗಿದ್ದಾರೆ.

‘ಅಪ್ಪ, ಕುದುರೆ ಇರೋದು ಹೋಗೋದಕ್ಕಲ್ಲ, ವಾಪಸ್ ಬರೋದಕ್ಕೆ’ ಎಂದ ಮಗ, ಹನ್ನೆರಡನೆಯ ಚೇತಕ್ ಹೋದ ರಾತ್ರಿ. ಏಟು ಕೊಟ್ಟು, ಮರು ಸರದಿಯಲ್ಲಿ ಅದೇ ಎಂಟು ಮನೆಯನ್ನು ಹಿಂದಕ್ಕೆ ಓಡಿ ಹಳ್ಳಿಗೆ ಬಂದು ಕೂರಬೇಕು. ಹಳ್ಳಿಯಲ್ಲಿ ಸರದಿಗೆ 8 ಪ್ರಾಣ ಮರಳುತ್ತದೆ. ರಾತ್ರಿಯಿಡೀ ಅಲ್ಲಿ ಮಲಗಿ, ಬೆಳಕು ಹರಿದ ಮೇಲೆ ಮತ್ತೆ ಹೊರಡಬೇಕು. ಕಾಲಾಳಿಗೆ ಈ ಸೌಕರ್ಯವಿಲ್ಲ, ಮುಂದೆ ಹೋದವನು ಹಿಂದೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಮಾತು ನ್ಯಾಯವಾಗಿತ್ತು. ಆದರೆ ಕುದುರೆಯ ಮುಖ ತಿರುಗಿಸಿ ಓಡುವುದು ಹೇಗೆ? ಬೆರಳು ಒಪ್ಪುವುದಿಲ್ಲ. ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡ ನನ್ನಾಕೆ, ‘ಉತ್ತರಕುಮಾರನ ಪೌರುಷ ಒಲೆ ಮುಂದೆ ಅಂತಾರೆ. ಅವನಾದ್ರೂ ರಥ ಇಳಿದು ಓಡೋ ಬುದ್ಧಿ ಇಟ್ಕೊಂಡಿದ್ದ’ ಎಂದಳು.

ಇವಳ ಬಗ್ಗೆ ಹೇಳಲೇಬೇಕು. ಮೊದಮೊದಲು ಅವಳಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ನಾನು ಊಟಕ್ಕೆ ತಡ ಮಾಡಿದಾಗ ‘ಕುದುರೆಗೆ ಹುರುಳಿ ಹಾಕಿದ್ರಾ?’ ಎಂದು ಕೇಳುವಷ್ಟು ಮಾತ್ರ. ಒಂದು ದಿನ ತಟ್ಟೆಯ ಮುಂದೆ ಕೂತರೆ ಹುರುಳಿಕಟ್ಟಿನ ಸಾರು. ಮರುದಿನ ಹುರುಳಿಕಾಳಿನ ಉಸಲಿ. ಮೂರನೆಯ ದಿನವೂ ಹುರುಳಿ ಕಂಡು ತಲೆ ಎತ್ತಿದೆ. ‘ಓಡಾಡೋ ಕುದುರೆಗೇ ಅದು ಸಾಕಂತೆ, ಕೂತಿರೋ ನಿಮಗೆ ಸಾಲಲ್ವಾ?’ ಎಂದಳು. ಮಾರ್ಕೊ ಪೋಲೊ ದಕ್ಷಿಣದ ಕರಾವಳಿಗೆ ಬಂದಾಗ ಇಲ್ಲಿನವರು ಕುದುರೆಗಳಿಗೆ ಬೇಯಿಸಿದ ಅನ್ನ ಮಾಂಸ ತಿನ್ನಿಸುತ್ತಾರೆ, ಅದಕ್ಕೇ ಅವು ಉಳಿಯುವುದಿಲ್ಲ ಎಂದು ಬರೆದಿಟ್ಟಿದ್ದಾನೆ ಎಂದು ನಾನು ವಿಷಯಾಂತರ ಮಾಡಲು ನೋಡಿದೆ. ‘ಅದಕ್ಕೇ ನಾನು ಅನ್ನ ಕಡಿಮೆ ಬಡಿಸಿರೋದು’ ಎಂದಳು.

ಒಂದು ಭಾನುವಾರ ವಿದ್ಯುತ್ ಹೋಗಿ ಅವಳ ಧಾರಾವಾಹಿ ನಿಂತಿತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು. ಈ ಆಟವನ್ನು ಒಂದೇ ಯಂತ್ರದ ಮುಂದೆ ಇಬ್ಬರು ಕೂತು ಸರದಿಯ ಮೇಲೆ ಆಡಬಹುದು. ಕರೆದೆ, ಬಂದಳು. ಇಬ್ಬರಿಗೂ ಅದೇ ಪಾಳಯ, ಇಬ್ಬರಿಗೂ 100 ನಾಣ್ಯ. ನಾನು ಎಂದಿನಂತೆ ನಾಲ್ಕು ರಾವುತರನ್ನು ಕೊಂಡೆ. ಅವಳು ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಸೀರೆ ಅಂಗಡಿಯಲ್ಲಿ ಬೆಲೆಚೀಟಿ ನೋಡುವಂತೆ ನೋಡಿ, ‘ಈ ಈಟಿ ಹಿಡ್ಕೊಂಡಿರೋನು ಹದಿನಾಲ್ಕಕ್ಕೆ ಬರ್ತಾನೆ. ಏಳು ಜನ ಕೊಡಿ’ ಎಂದಳು. 98 ಆಯಿತು. ‘ಇನ್ನೆರಡು ಇಟ್ಕೊಂಡಿರಿ, ಚಿಲ್ಲರೆ’ ಎಂದಳು.

ಈಟಿಯವನಲ್ಲಿ ಒಂದು ಗುಣವಿದೆ. ನೀವು ಅವನ ಮೇಲೆ ನುಗ್ಗಿದರೂ ಮೊದಲ ಏಟು ಅವನದೇ. ಕುದುರೆಗೆ ತಿವಿಯುವ ಆಯುಧ ಮೊದಲೇ ಆಗಿಬರದು, ಐದನೇ ಒಂದು ಭಾಗ ಹೆಚ್ಚು ಪೆಟ್ಟು. ಅದರ ಮೇಲೆ ಹಗಲಿನ ಕಾಲುಭಾಗ, ಏಕೆಂದರೆ ಅವನೂ ನನ್ನವನಂತೆ ಮನುಷ್ಯನೇ, ಹಗಲಿನವನೇ. ಅದರ ಮೇಲೆ ನನ್ನ ಇಮ್ಮಡಿ. ಈಟಿಯ ಏಟು ಮೂಲದಲ್ಲಿ 7. ಇಷ್ಟೆಲ್ಲ ಗುಣಿಸಿದರೆ 21. ಮೂರು ಏಟಿನಲ್ಲಿ ಎರಡು ತಗುಲಿದರೆ 42. ನನ್ನ ರಾವುತನಿಗಿರುವುದು 38. ಹದಿನಾಲ್ಕು ನಾಣ್ಯದವನು ನಿಂತಲ್ಲಿಂದ ಕದಲದೆ ಇಪ್ಪತ್ತಮೂರರವನನ್ನು ಕೆಡವಿದ. ಕೆಡವಿದ್ದು ಅವನ ಶಕ್ತಿಯಲ್ಲ, ನಾನು ಕೈಯಾರೆ ಇಮ್ಮಡಿ ಮಾಡಿ ಕೊಟ್ಟದ್ದು. ಕರಿಹಲಗೆಯ ಮೇಲೆ ಈ ಗುಣಾಕಾರ ಬರೆದು ತೋರಿಸಿದ್ದರೂ ಆ ದಿನ ನಾನು ಮತ್ತೆ ಮೂವರನ್ನು ಒಬ್ಬರ ಹಿಂದೊಬ್ಬರಂತೆ ಕಳಿಸುತ್ತಿದ್ದೆ. ಕಳಿಸಿದೆ ಕೂಡ. ‘ಅಯ್ಯೋ, ಇವನೂ ಬಂದ’ ಎನ್ನುತ್ತಿದ್ದಳು ಪ್ರತಿ ಸಲವೂ, ಮಾವಿನ ಮಿಡಿ ಆಯುತ್ತ ಕೂತವಳಂತೆ.

ಪೋರ್ಚುಗೀಸರ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಸ್ ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದು ಬರೆದ ವೃತ್ತಾಂತದಲ್ಲಿ ಒಂದು ಸಂಗತಿ ಬರುತ್ತದೆ. ನೂನಿಸನ ಕಾಲಕ್ಕಿಂತ ಹಿಂದಿನ ದೊರೆ ಸಾಳುವ ನರಸಿಂಹ ಹೊರ್ಮುಜ್, ಏಡನ್‌ಗಳಿಂದ ಕುದುರೆ ತರಿಸುತ್ತಿದ್ದನಂತೆ, ಸಾವಿರ ಪರ್ದಾವು ನಾಣ್ಯಕ್ಕೆ ಮೂರರಂತೆ. ಬದುಕಿ ಬಂದದ್ದಕ್ಕೂ ಅದೇ ಬೆಲೆ, ಸತ್ತದ್ದಕ್ಕೂ ಅದೇ ಬೆಲೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೆ ಸಾಕು, ಪೂರ್ತಿ ಹಣ. ಎಂಥ ದೊರೆ! ಕುದುರೆಯ ಹುಚ್ಚು ಎಂದರೆ ಅದು. ಈ ಕಾಲದಲ್ಲಿ ಕುದುರೆ ವ್ಯಾಪಾರ ಎಂದರೆ ರೆಸಾರ್ಟಿನಲ್ಲಿ ಕೂಡಿಟ್ಟ ಶಾಸಕರು ನೆನಪಾಗುತ್ತಾರೆ. ಅಲ್ಲಿಯೂ ಬಾಲ ತೋರಿಸಿ ಹಣ ಪಡೆದವರು ಇದ್ದಾರೋ ಏನೋ. ನನ್ನ ನಾಲ್ಕು ಬಾಲಗಳನ್ನು ಮಾತ್ರ ಯಾರ ಮುಂದೆ ಹಿಡಿಯಲಿ? ಹಿಡಿದೆ ಅಂದುಕೊಳ್ಳಿ, ಅವಳು ತನ್ನ ಚಿಲ್ಲರೆ ಎರಡು ನಾಣ್ಯವನ್ನು ನನ್ನ ಕಡೆ ತಳ್ಳುತ್ತಿದ್ದಳು.

ಸೋತವರಿಗೆ ಸಮಾಧಾನ ಹೇಳುವ ದೊರೆಗಳೂ ಇದ್ದಾರೆ. ನಾನು ಮೈಸೂರಿನವನಾದ್ದರಿಂದ ನನಗೆ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಇಂಗ್ಲಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಹೆಸರಿಗೆ ಮಹಾರಾಜರು. ದಂಡು ನಡೆಸುವ ಹಾಗಿಲ್ಲ, ದಂಡನೆ ವಿಧಿಸುವ ಹಾಗಿಲ್ಲ. ಅವರು ಆಟಗಳ ಕಡೆ ತಿರುಗಿದರು. ಇಸ್ಪೀಟಿನಂಥ ಗಂಜೀಫಾ, ಮಣೆಯಾಟಗಳು, ಎಲ್ಲಕ್ಕಿಂತ ಹೆಚ್ಚಾಗಿ ಚದುರಂಗದ ಕುದುರೆ. 64 ಮನೆಗಳಲ್ಲಿ ಕುದುರೆಯನ್ನು ಅದರ ವಕ್ರ ನಡೆಯಲ್ಲೇ ನಡೆಸಬೇಕು, ಪ್ರತಿ ಮನೆಗೂ ಹೋಗಬೇಕು, ಯಾವ ಮನೆಗೂ ಎರಡು ಸಲ ಹೋಗಬಾರದು. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲೇ ಅರ್ಧ ಮಣೆಯ ಮೇಲೆ ಈ ನಡಿಗೆ ಇದೆ. ಮುಮ್ಮಡಿಯವರು ಪೂರ್ತಿ ಮಣೆಯ ಮೇಲೆ ಇಂಥ ನಡಿಗೆಗಳನ್ನು ಹೊಸೆದರು.

ಪರೀಕ್ಷೆಗಳೆಲ್ಲ ಮುಗಿದ ಮೇಲಿನ ತರಗತಿಗಳಲ್ಲಿ ನಾನು ಇದನ್ನು ಕರಿಹಲಗೆಯ ಮೇಲೆ ಹಾಕಿಸುತ್ತಿದ್ದೆ. ಮಕ್ಕಳು ಐವತ್ತು, ಐವತ್ತೈದು ಮನೆಯವರೆಗೆ ಸಲೀಸಾಗಿ ಹೋಗಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಮೊದಲು ಮೂಲೆಗಳನ್ನು ನೋಡಿಕೊಳ್ಳಿ, ನಡುವಿನ ಬಯಲು ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿಕೊಡುತ್ತಿದ್ದೆ. ಆಗ ಹೊಳೆಯದ ಒಂದು ಸಂಗತಿ ಈಗ, ನಾಲ್ಕು ರಾವುತರನ್ನು ಕಳೆದುಕೊಂಡು ಕೂತಾಗ ಹೊಳೆಯಿತು. ಆ ಮಣೆಯ ಮೇಲೆ ಕುದುರೆಯೊಂದೇ. ಎದುರಾಳಿ ಇಲ್ಲ. ಅರವತ್ತನಾಲ್ಕು ಮನೆ ತಿರುಗಿ, ಯಾರನ್ನೂ ಹೊಡೆಯದೆ, ಯಾರಿಂದಲೂ ಹೊಡೆಸಿಕೊಳ್ಳದೆ, ಕೊನೆಗೂ ಹೊರಟ ಮಣೆಯ ಮೇಲೇ ನಿಲ್ಲುವ ಕುದುರೆ. ಅರಮನೆಯಲ್ಲಿ ಕೂತು ಅದನ್ನು ನಡೆಸುತ್ತಿದ್ದ ದೊರೆಗೆ ಹೊರಗೆ ಹೋಗಲು ಬೇರೆ ಬಯಲಿರಲಿಲ್ಲ. ನಾನು ಹೀಗೆಂದಾಗ ನನ್ನಾಕೆ, ‘ಅವರ ಹೆಂಡತೀರು ಆಟಕ್ಕೆ ಬರ್ಲಿಲ್ಲ ಅಂತ ಕಾಣುತ್ತೆ’ ಎಂದಳು.

ಈಗ ನಾನು ಸ್ವಲ್ಪ ಬದಲಾಗಿದ್ದೇನೆ. ಮೂವರು ರಾವುತರು, ಉಳಿದ 31ಕ್ಕೆ ಇಬ್ಬರು ಈಟಿಯವರು. ಅವರು ಮುಂದೆ ನಿಲ್ಲುತ್ತಾರೆ, ರಾವುತರು ಹಿಂದೆ. ಬೆಳಗಾದ ತಕ್ಷಣ ಹೋಗಿಬಿಡುವುದಿಲ್ಲ. ಅವಳ ಕಡೆಯ ಮದ್ದು ಹಾಕುವವನೋ ಮಂತ್ರ ಹಾಕುವವನೋ ಸಾಲಿನಿಂದ ಒಂದು ಮನೆ ಹೊರಗೆ ಬರಲಿ ಎಂದು ಕಾಯುತ್ತೇನೆ. ಬಂದರೆ ನುಗ್ಗುತ್ತೇನೆ. ಬರದಿದ್ದರೆ ಮುಸ್ಸಂಜೆಗೆ ಹಿಂದಕ್ಕೆ ಓಡುತ್ತೇನೆ, ಹಳ್ಳಿಗೆ. ಹಾಗೆ ಓಡಿಬಂದ ಒಬ್ಬ ರಾವುತ ಬದುಕುಳಿದು, ಅನುಭವ ಕೂಡಿ, ಬಡ್ತಿ ಪಡೆದ. ಬಡ್ತಿಯಲ್ಲಿ ಎರಡು ದಾರಿ. ಇನ್ನೂ ಜೋರಾಗಿ ನುಗ್ಗುವ ‘ಲ್ಯಾನ್ಸರ್’ ಆಗಬಹುದು, ಅಲ್ಲಿಗೆ ಅವನ ದಾರಿ ಮುಗಿಯಿತು. ಅಥವಾ ಭರ್ಜಿಯ ಜೊತೆ ಕತ್ತಿಯನ್ನೂ ಹಿಡಿಯುವ ‘ನೈಟ್’ ಆಗಬಹುದು, ಅವನಿಗೆ ಮುಂದೆ ಇನ್ನೂ ಒಂದು ಮೆಟ್ಟಿಲಿದೆ. ಮೂರು ವಾರದ ಹಿಂದಾಗಿದ್ದರೆ ಯೋಚಿಸದೆ ಲ್ಯಾನ್ಸರ್ ಎನ್ನುತ್ತಿದ್ದೆ. ಆ ದಿನ ಕಾಫಿ ತಣ್ಣಗಾಗುವವರೆಗೆ ಕೂತು, ನೈಟ್ ಮಾಡಿದೆ. ಮರು ಸರದಿಯಲ್ಲೇ ಅವನನ್ನು ಈಟಿಯವನ ಮೇಲೆ ಬಿಟ್ಟೆ. ಅದು ಬೇರೆ ಮಾತು.

ಪಕ್ಕದ ಬೀದಿಯ ನಿವೃತ್ತ ಸಹೋದ್ಯೋಗಿಯೊಬ್ಬರು ಮೊನ್ನೆ ಬಂದವರು ತೆರೆಯ ಮೇಲಿನ ಕುದುರೆಗಳನ್ನು ನೋಡಿ, ಈ ವಯಸ್ಸಿನಲ್ಲಿ ಇದೆಲ್ಲ ಏಕೆ, ಸುಡೊಕು ಮಾಡಿ, ಮಿದುಳಿಗೆ ಒಳ್ಳೆಯದು ಎಂದರು. ಸುಡೊಕುವಿನಲ್ಲಿ ಸೂರ್ಯ ಮುಳುಗುವುದಿಲ್ಲವಲ್ಲ ಸಾರ್ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನ್ನಾಕೆ ಕಾಫಿ ತಂದಿಟ್ಟು, ಅವರ ಎದುರೇ, ‘ನಿಮ್ಮ ಎಡಗಡೆ ಹಳ್ಳಿ ಖಾಲಿ ಬಿಟ್ಟಿದೀರ’ ಎಂದು ಹೇಳಿ ಒಳಗೆ ಹೋದಳು.

ಈ ಭಾನುವಾರದವರೆಗಿನ ಲೆಕ್ಕ ಹೀಗಿದೆ. ನಮ್ಮಿಬ್ಬರ ನಡುವೆ ನಡೆದದ್ದು 14 ಆಟ. ಅವಳು ಗೆದ್ದದ್ದು 11, ನಾನು 3. ನನ್ನ ಆ ಮೂರರಲ್ಲಿ ಒಂದು, ಒಲೆಯ ಮೇಲಿನ ಹಾಲು ಉಕ್ಕಿತೆಂದು ಅವಳು ಯಾರನ್ನೂ ನಡೆಸದೆ ಸರದಿ ಮುಗಿಸಿ ಎದ್ದುಹೋದಾಗ ಬಂದದ್ದು.